ಹಸುವಿನ ಪುಡಿ ತಿಂದ ಟಗರುಗಳು

ಕಳೆದ ವರ್ಷ ಇಬ್ಬರು ಹೊಸ ಪಶುವೈದ್ಯರು ಮಧುಗಿರಿಯ ನಮ್ಮ ಮನೆಗೆ ಬಂದಿದ್ದರು. ಹುಡುಗಿಗೆ ಕೊರಟಗೆರೆ ಕಡೆ, ಹುಡುಗನಿಗೆ ಪಾವಗಡ ಕಡೆ ಪೋಸ್ಟಿಂಗ್ ಆಗಿತ್ತು. ಕಾಫಿ ಕುಡಿಯುತ್ತ, "ಮೇಡಂ, ನಿಮ್ಮ ಸರ್ವಿಸ್‌ನಲ್ಲಿ ಮರೆಯೋಕೆ ಆಗದೇ ಇರೋ ಕೇಸ್ ಒಂದು ಹೇಳಿ" ಅಂದರು. ಬಾವಿಗೆ ಬಿದ್ದ ಎಮ್ಮೆಯನ್ನು ಮೇಲೆತ್ತಿದ ಕಥೆ ಹೇಳಿದೆ. ನಕ್ಕರು, ಹೊರಟರು. ಅವರು ಗೇಟು ದಾಟಿದ ಮೇಲೆ ನನ್ನ ಮೇಲೆ ನನಗೇ ಬೇಸರವಾಯಿತು. ನಾನು ಮರೆಯದೇ ಇರುವುದು ಬೇರೆ. ಅದನ್ನು ಹೇಳಲು ಬಾಯಿ ಬಂದಿರಲಿಲ್ಲ. ಬರೆಯುವುದಾದರೆ ಎದುರಿಗೆ ಮುಖ ಇರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇದು ಶಿರಾದಲ್ಲಿ ನಡೆದದ್ದು. ಆದರೆ ಶುರುವಾದದ್ದು ಅದಕ್ಕೆ ಕೆಲವು ವರ್ಷ ಮೊದಲು, ನಾನು ಐ.ಡಿ.ಹಳ್ಳಿ ಆಸ್ಪತ್ರೆಯಲ್ಲಿದ್ದಾಗ.

ಅಲ್ಲಿ ರಂಗಪ್ಪ ಎನ್ನುವವರು ಒಂದೇ ಒಂದು ಸೀಮೆಹಸು ಸಾಕಿದ್ದರು. ಅವರ ಹಾಲಿಗೆ ಡೈರಿಯಲ್ಲಿ ದಿನವೂ ಡಿಗ್ರಿ ಕಮ್ಮಿ, ಫ್ಯಾಟ್ ಕಮ್ಮಿ. ನೀರು ಬೆರೆಸುತ್ತಾರೆ ಅಂತ ಊರೆಲ್ಲ ಮಾತಾಯಿತು. ಒಂದು ದಿನ ಡೈರಿಯ ಸೆಕ್ರೆಟರಿ ಕ್ಯಾನಿನ ಹಾಲನ್ನು ಎಲ್ಲರ ಮುಂದೆ ಚರಂಡಿಗೆ ಸುರಿದುಬಿಟ್ಟರು. ರಂಗಪ್ಪ ನೇರವಾಗಿ ನನ್ನ ಹತ್ತಿರ ಬಂದರು. "ಡಾಕ್ಟ್ರಮ್ಮ, ನೀವೇ ಬಂದು ನಿಂತ್ಕಂಡು ಹಾಲು ಕರೆಸಿ. ಆಮೇಲೆ ನನ್ನ ಕಳ್ಳ ಅನ್ಲಿ" ಅಂದರು.

ಮರುದಿನ ಬೆಳಿಗ್ಗೆ ನಾನು, ಸೆಕ್ರೆಟರಿ, ಇನ್ನೂ ಏಳೆಂಟು ಜನ ಕೊಟ್ಟಿಗೆಯಲ್ಲಿ ನಿಂತಿದ್ದೆವು. ಕೆಚ್ಚಲು ತೊಳೆದ ನೀರನ್ನು ಒರೆಸಿ, ಒಣಗಿದ ಪಾತ್ರೆಯನ್ನು ಬೋರಲು ಹಾಕಿ ತೋರಿಸಿ, ರಂಗಪ್ಪನ ಹೆಂಡತಿ ಹಾಲು ಕರೆದರು. ಡಿಗ್ರಿ ನೋಡುವ ಕಡ್ಡಿಯನ್ನು ಹಾಲಿಗೆ ಬಿಟ್ಟೆವು. ಅದು ಡೈರಿಯಲ್ಲಿ ನಿಲ್ಲುತ್ತಿದ್ದ ಗೆರೆಯಲ್ಲೇ ನಿಂತಿತು.  ಹಾಲಿಗೆ ನೀರು ಬಿದ್ದಿರಲಿಲ್ಲ, ಹಾಲೇ ಹಾಗಿತ್ತು.

ಯಾಕೆ ಅಂತ ಗೋದಲಿ ನೋಡಿದಾಗ ತಿಳಿಯಿತು. ರಂಗಪ್ಪನ ಹೆಂಡತಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಅಲ್ಲಿ ಉಳಿದ ಅನ್ನ, ಗಂಜಿ, ಮುಸುರೆ ಎಲ್ಲ ಬಕೆಟ್ಟಿನಲ್ಲಿ ಬಂದು ಹಸುವಿಗೆ ಸೇರುತ್ತಿತ್ತು. ಒಣಹುಲ್ಲು ಹೆಸರಿಗೆ ಮಾತ್ರ. ನಾರು, ಸತ್ವ ಎರಡೂ ಸಾಲದ ಹಸು ಫ್ಯಾಟ್, ಡಿಗ್ರಿ ಎಲ್ಲಿಂದ ತರಬೇಕು? ಮುಸುರೆ ನಿಲ್ಲಿಸಿ, ರಾಗಿಹುಲ್ಲು, ಹುರುಳಿ ಹೊಟ್ಟು, ಸ್ವಲ್ಪ ಕಡ್ಲೆಕಾಯಿ ಹಿಂಡಿ, ಜೊತೆಗೆ ಖನಿಜದ ಪುಡಿ ಕೊಡಿಸಿದೆ. ಮೂರು ನಾಲ್ಕು ವಾರದಲ್ಲಿ ಅದೇ ಸೆಕ್ರೆಟರಿ, "ರಂಗಪ್ಪನೋರೇ, ಇವತ್ತು ನಿಮ್ದೇ ಫ್ಯಾಟ್ ಜಾಸ್ತಿ" ಅಂತ ಕೂಗಿ ಹೇಳುವ ಹಾಗಾಯಿತು.

ಹುಡುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಇದು ನನ್ನ ಗೆಲುವಿನ ಕಥೆ, ನಾನು ಕೆಟ್ಟದ್ದು ಇದರಿಂದಲೇ. ಸುದ್ದಿ ಹಬ್ಬಿತು. ತರಬೇತಿ ಎಂದರೆ ನನ್ನನ್ನೇ ಕರೆಯತೊಡಗಿದರು. ಹೋದಲ್ಲೆಲ್ಲ ಮೇವಿನ ಬಗ್ಗೆ ಮಾತಾಡುತ್ತಿದ್ದೆ, ಕೊನೆಗೆ ಖನಿಜದ ಪುಡಿಯ ಪ್ಯಾಕೆಟ್ಟು ಹಂಚುತ್ತಿದ್ದೆ. ಶಿರಾಕ್ಕೆ ವರ್ಗವಾದ ಮೇಲೆ ಹುಲಿಕುಂಟೆಯಲ್ಲೂ ಹಾಗೇ ಮಾತಾಡಿ ಜೀಪು ಹತ್ತುತ್ತಿದ್ದಾಗ ಒಬ್ಬ ಹೆಂಗಸು ಹಿಂದೆಯೇ ಓಡಿಬಂದರು.

"ಡಾಕ್ಟ್ರಮ್ಮ, ಈ ಪುಡಿ ಕುರಿಗೂ ಹಾಕ್ಬೋದಾ?"

"ಹಾಕಿ, ಒಳ್ಳೇದೇ" ಅಂದೆ. ಪೆನ್ನು ತೆಗೆದು ಪ್ಯಾಕೆಟ್ಟಿನ ಮೇಲೆ ದಿನಕ್ಕೆ ಎಷ್ಟು ಚಮಚ ಅಂತ ಬರೆದೂ ಕೊಟ್ಟೆ. ಒಂದು ನಿಮಿಷದ ಕೆಲಸ.

ಅವರ ಹೆಸರು ಸಣ್ಣಕ್ಕ. ಬಕ್ರೀದಿಗೆಂದು ಮೂವತ್ತು ಟಗರು ಮರಿಗಳನ್ನು ದೊಡ್ಡಿಯಲ್ಲೇ ಕಟ್ಟಿ ಮೇಯಿಸುತ್ತಿದ್ದರು. ಗಂಡ ಈರಣ್ಣ ಗೂಡ್ಸ್ ಆಟೋ ಓಡಿಸುತ್ತಿದ್ದರು.

ತಿಂಗಳುಗಳು ಕಳೆದವು. ಬಕ್ರೀದಿಗೆ ಎರಡು ದಿನ ಇರುವಾಗ ಬೆಳಿಗ್ಗೆ ಶಿರಾದ ಇಮಾಂ ಸಾಬರಿಂದ ಫೋನ್ ಬಂತು. ಅವರು ಮಾಂಸದ ಅಂಗಡಿಯವರು. ಚರ್ಬಿ ಒತ್ತಿ ನೋಡಿಯೇ ಕುರಿ ಏನು ತಿಂದು ಬೆಳೆದದ್ದು ಎಂದು ಹೇಳಬಲ್ಲವರು. ಗುಡ್ಡ ಮೇದದ್ದಾದರೆ ಬಿಳಿ, ಗಟ್ಟಿ. ಕಟ್ಟಿ ಜೋಳ ತಿನ್ನಿಸಿದ್ದಾದರೆ ಬೆರಳಿಗೆ ಅಂಟುವಷ್ಟು ಮೆತ್ತಗೆ. ಈ ವಿದ್ಯೆಯನ್ನು ನಾನು ಅವರಿಂದಲೇ ಕಲಿತೆ.

"ಮೇಡಂ, ಜಲ್ದಿ ಬನ್ನಿ. ಹಬ್ಬಕ್ಕೆ ತಂದ ಟಗರು ಬಿದ್ದೋಯ್ತು, ಉಸಿರಿರೋವಾಗ್ಲೇ ಹಲಾಲ್ ಮಾಡ್ಕೊಡಿ ಅಂತ ತಂದ್ರು. ಕೊಯ್ದೆ. ಒಳಗೆಲ್ಲ ಅರಿಶಿನ ಬಳಿದಂಗೆ ಐತೆ. ಗುರ್ದಾ ಎರಡೂ ಕರ್ರಗೆ. ನನ್ನ ಸರ್ವೀಸಲ್ಲಿ ಇಂಗೆ ನೋಡಿಲ್ಲ."

ಹೋಗಿ ನೋಡಿದೆ. ಗುರ್ದಾ, ಅಂದರೆ ಮೂತ್ರಪಿಂಡ, ಎರಡೂ ಕಪ್ಪಗಿದ್ದವು. ಚರ್ಬಿ ಹಳದಿ. ಈಲಿ, ಅಂದರೆ ಯಕೃತ್ತು, ಕಿತ್ತಳೆ ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಗುಲ್ಮ ಉಬ್ಬಿ ಕಪ್ಪಗೆ ಮೆತ್ತಗಾಗಿತ್ತು.  ಗುಲ್ಮ ಹಾಗಾಗುವ ಇನ್ನೊಂದು ರೋಗವಿದೆ. ಆಂಥ್ರಾಕ್ಸ್, ನಮ್ಮ ಕಡೆ ನೆರಡಿ ಅನ್ನುತ್ತಾರೆ. ಅದಾಗಿದ್ದರೆ ಆ ಕುರಿಯನ್ನು ಕೊಯ್ಯಲೇಬಾರದಿತ್ತು, ಗಾಯದ ಮೂಲಕ ಮನುಷ್ಯರಿಗೂ ಅಂಟುತ್ತದೆ. ಕೊಯ್ದವರು ಬರಿಗೈಯಲ್ಲಿ ನನ್ನೆದುರು ನಿಂತಿದ್ದರು.

"ಸಾಬ್ರೇ, ಕೈಯಲ್ಲಿ ಗಾಯ ಇದೆಯಾ?"

ಅವರು ಎಡಗೈ ಹೆಬ್ಬೆರಳು ತೋರಿಸಿದರು. ಹಿಂದಿನ ದಿನದ್ದು, ಸಣ್ಣ ಕೊಯ್ತ.

ಅಂಗಡಿ ಮುಚ್ಚಿಸಿದೆ. ಸೋಪು ಹಾಕಿ ಮೊಣಕೈವರೆಗೆ ತೊಳೆಸಿದೆ, ಯಾರನ್ನೂ ಮುಟ್ಟಬೇಡಿ ಅಂದೆ. ಪಕ್ಕದ ಬೀದಿಯಲ್ಲಿ ಹಿಂದಿನ ದಿನ ಇನ್ನೊಂದು ಟಗರು ತಾನೇ ಸತ್ತಿತ್ತು ಎಂದು ತಿಳಿಯಿತು. ಅದರ ಕಿವಿಯಿಂದಲೂ ರಕ್ತದ ಲೇಪ ತೆಗೆದುಕೊಂಡು ಆಸ್ಪತ್ರೆಗೆ ಓಡಿದೆ. ಒಂದು ಗಂಟೆಗೂ ಹೆಚ್ಚು ಸೂಕ್ಷ್ಮದರ್ಶಕದ ಮುಂದೆ ಕೂತಿದ್ದೆ. ಇಮಾಂ ಸಾಬರು ವರಾಂಡದಲ್ಲಿ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ನಿಂತಿದ್ದರು. ಅವರ ಹೆಂಡತಿ ಗೇಟಿನ ಹೊರಗೆ. ನೆರಡಿಯ ಕಡ್ಡಿಯಂಥ ರೋಗಾಣು ಎರಡರಲ್ಲೂ ಎಲ್ಲೂ ಕಾಣಲಿಲ್ಲ. ಬಣ್ಣ ಹಾಕಿ ಮತ್ತೆ ನೋಡಿದೆ. ಇರಲಿಲ್ಲ.

"ನೆರಡಿ ಅಲ್ಲ" ಅಂದಾಗ ಸಾಬರು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಲ್ಲಿಂದಲೇ ಕೇಳಿದರು, "ಮತ್ತೆ ಏನು ಮೇಡಂ? ಎರಡೂ ಒಂದೇ ದೊಡ್ಡೀವು. ಹುಲಿಕುಂಟೆ ಕಡೆ ಸಣ್ಣಕ್ಕಂದು. ನಾನೇ ಮಧ್ಯೆ ನಿಂತು ಇಪ್ಪತ್ತೆರಡು ಮನೆಗೆ ಕೊಡ್ಸಿದ್ದೀನಿ."

ಸ್ಕೂಟರ್ ತೆಗೆದುಕೊಂಡು ಹೊರಟೆ. ಹೆಸರು ಕೇಳಿದರೂ ಮುಖ ನೆನಪಾಗಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ದೊಡ್ಡಿಯ ಮುಂದೆ ಗಾಡಿ ನಿಲ್ಲಿಸಿದಾಗ ಸಣ್ಣಕ್ಕ ನಗುತ್ತ ಬಂದರು. "ಬನ್ನಿ ಡಾಕ್ಟ್ರಮ್ಮ, ನೋಡಿ ಉಳಿದಿರವ, ಹೆಂಗೆ ತಯಾರಾಗವೆ!"

ಎಂಟು ಉಳಿದಿದ್ದವು. ಏಳು ಚೆನ್ನಾಗಿ ಕಂಡವು. ಒಂದು ಮೂಲೆಯಲ್ಲಿ ತಲೆ ಜೋಲುಬಿಟ್ಟು ನಿಂತಿತ್ತು. ನೋಡುತ್ತಿದ್ದ ಹಾಗೇ ಉಚ್ಚೆ ಹೊಯ್ದಿತು. ಕಪ್ಪು ಕಾಫಿಯ ಬಣ್ಣ. ರೆಪ್ಪೆ ಎಳೆದು ನೋಡಿದರೆ ಒಳಗೆ ಹಳದಿ.

"ಏನೇನು ತಿನ್ನಿಸ್ತೀರಾ?"

"ಜೋಳದ ನುಚ್ಚು, ಹಿಂಡಿ, ತೊಗರಿ ಹೊಟ್ಟು. ಆಮೇಲೆ ಪುಡಿ."

"ಯಾವ ಪುಡಿ?"

ಒಳಗಿಂದ ತಂದರು. ಹಸುವಿನ ಚಿತ್ರವಿದ್ದ ಪ್ಯಾಕೆಟ್ಟು. ಅದು ಮುಗಿದ ಮೇಲೆ ಪೇಟೆಯಿಂದ ತಾವೇ ತರಿಸಿದ್ದ ಅಂಥದ್ದೇ ಇನ್ನೂ ನಾಲ್ಕು.

"ಇದನ್ನ ಕುರಿಗೆ ಹಾಕೋಕೆ ಯಾರು ಹೇಳಿದ್ರು?"

"ನೀವೇ ಅಲ್ವ್ರಾ!" ಅಂತ ಪ್ಯಾಕೆಟ್ಟು ತಿರುಗಿಸಿದರು. ನನ್ನ ಕೈಬರಹ.

ಹಸುವಿನ ಪುಡಿಯಲ್ಲಿ ತಾಮ್ರ ಇರುತ್ತದೆ, ಹಸುವಿಗೆ ಅದು ಬೇಕು. ಹೆಚ್ಚಾದರೆ ಹಸು ಬಹಳಷ್ಟನ್ನು ಹೊರಹಾಕುತ್ತದೆ. ಕುರಿಗೆ ಆ ಶಕ್ತಿ ಕಡಿಮೆ, ಅದರ ಈಲಿಯಲ್ಲಿ ತಾಮ್ರ ಸೇರುತ್ತ ಹೋಗುತ್ತದೆ. ತಿಂಗಳುಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ, ಮರಿ ಚೆನ್ನಾಗೇ ಬೆಳೆಯುತ್ತದೆ. ಯಾವತ್ತೋ ಲಾರಿ ಹತ್ತಿಸಿ, ಹೊಸ ಜಾಗದಲ್ಲಿ ಕಟ್ಟಿ, ಮೇವು ತಪ್ಪಿದ ದಿನ ಆ ತಾಮ್ರವೆಲ್ಲ ಒಟ್ಟಿಗೆ ರಕ್ತಕ್ಕೆ ಇಳಿಯುತ್ತದೆ. ರಕ್ತ ಒಡೆದು ಮೈಯೊಳಗೆಲ್ಲ ಹಳದಿ, ಉಚ್ಚೆ ಕಪ್ಪು. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಆ ಗಳಿಗೆಯಲ್ಲಿ ನಾನು ಏನು ಮಾಡಿದೆ ಎನ್ನುವುದೇ ನನಗೆ ಇವತ್ತಿಗೂ ಚುಚ್ಚುವುದು. "ಪುಡಿ ನಿಲ್ಸಿ" ಅಂದೆ, ಅಷ್ಟೇ. ಯಾಕೆ ಅಂತ ಹೇಳಲಿಲ್ಲ. ಪ್ಯಾಕೆಟ್ಟನ್ನು ಬ್ಯಾಗಿಗೆ ಹಾಕಿಕೊಂಡೆ. ಸಾಕ್ಷಿಗೆಂದೋ, ಬಚ್ಚಿಡಲೆಂದೋ ನನಗೆ ಗೊತ್ತಿಲ್ಲ. ಹೊರಗೆ ಹುಣಸೆಮರದ ಕೆಳಗೆ ಬಂದು ಮೇಲಧಿಕಾರಿಗೆ ಫೋನ್ ಮಾಡಿದೆ. ನಿವೃತ್ತಿಗೆ ಹತ್ತಿರವಿದ್ದವರು, ಹೆದರಿಕೆಯ ಸ್ವಭಾವ, ಆದರೆ ಕೆಟ್ಟವರಲ್ಲ.

"ಈಲಿ ಲ್ಯಾಬಿಗೆ ಕಳಿಸಿ, ರಿಪೋರ್ಟ್ ಬರ್ಲಿ" ಅಂದರು.

"ಸರ್, ರಿಪೋರ್ಟ್ ಬರೋದ್ರೊಳಗೆ ಹಬ್ಬ ಮುಗಿದಿರುತ್ತೆ. ಇನ್ನೂ ಇಪ್ಪತ್ತು ಟಗರು ಮನೆ ಮನೆಯಲ್ಲಿವೆ. ಕುರ್ಬಾನಿ ಆದ ತಕ್ಷಣ ಅವರು ಮೊದಲು ತಿನ್ನೋದೇ ಕಲೇಜಿ, ಈಲಿ. ತಾಮ್ರ ಎಲ್ಲ ಅದರಲ್ಲೇ ಇದೆ."

"ರಿಪೋರ್ಟ್ ಇಲ್ದೆ, ಹಬ್ಬದ ಮುಂದೆ ಹೋಗಿ ಟಗರು ಕಡೀಬೇಡಿ ಅಂದ್ರೆ ಊರಲ್ಲಿ ಏನಾಗುತ್ತೆ ಯೋಚ್ನೆ ಮಾಡಿದ್ದೀರಾ ಅಮ್ಮ? ಯಾರೋ ಏನೋ ಬಣ್ಣ ಕಟ್ತಾರೆ. ಖಾತ್ರಿ ಏನು ನಿಮಗೆ?"

"ಪುಡಿ ನಾನೇ ಕೊಟ್ಟಿದ್ದು ಸರ್."

 ಅವರು ಹೇಳಿದರು, "ಬರೆದು ಕೊಡೋಕೆ ನನ್ನಿಂದ ಆಗಲ್ಲ. ಬೇಡ ಅನ್ನೋಕೂ ಆಗಲ್ಲ. ಹೋಗಿ."

ವಾಪಸು ದೊಡ್ಡಿಗೆ ಹೋಗಿ ಸಣ್ಣಕ್ಕನಿಗೆ ಎಲ್ಲ ಹೇಳಿದೆ. ಅವರು ಮರಿಯೊಂದರ ಕಿವಿ ಹಿಡಿದುಕೊಂಡೇ ಕೇಳಿದರು. ಅಲ್ಲೇ ಕೂತಿದ್ದ ಈರಣ್ಣ ಎದ್ದು ನನ್ನತ್ತ ಬೆರಳು ತೋರಿಸಿ, ಆಟೋದ ಚಕ್ರಕ್ಕೆ ಒದ್ದು ಆಚೆ ಹೋದರು.

"ಅವು ನನ್ನ ಕೈಯಾಗೇ ತಿಂತಿದ್ವು ಕಣಮ್ಮ" ಅಂದರು ಸಣ್ಣಕ್ಕ. ಮತ್ತೆ, "ಸಾಬ್ರ ಮನೇರು ಹಬ್ಬಕ್ಕೆ ಏನ್ ಮಾಡ್ಬೇಕು ಈಗ?"

ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ತಿನ್ನಬೇಡಿ ಎನ್ನುವವರೆಗೆ ಮಾತ್ರ ನಾನು ಯೋಚಿಸಿದ್ದೆ. ದಾರಿ ಕಂಡದ್ದು ಸಣ್ಣಕ್ಕನಿಗೆ. ಅವರ ಬಾವನ, ಅಂದರೆ ಈರಣ್ಣನ ಅಣ್ಣನ, ಮಂದೆ ಗುಡ್ಡದಲ್ಲಿ ಮೇಯುತ್ತಿತ್ತು. ಒಂದು ಹಿಡಿ ಪುಡಿಯನ್ನೂ ಕಾಣದ ಕುರಿಗಳು. ಬಾವ ಸುಮ್ಮನೆ ಒಪ್ಪಲಿಲ್ಲ, ಅಣ್ಣತಮ್ಮಂದಿರಿಗೆ ನಡುಬೀದಿಯಲ್ಲೇ ಜಗಳವಾಗಿ ಕೊನೆಗೆ ಬಾವ ಒಪ್ಪಿದರು. ಸಂಜೆಯೊಳಗೆ ಈರಣ್ಣನ ಆಟೋದಲ್ಲಿ ಮೊದಲ ನಾಲ್ಕು ಟಗರು ಶಿರಾ ಸೇರಿದವು.

ಆ ಸಂಜೆ, ಮರುದಿನ ಪೂರ್ತಿ, ನಾವು ಮನೆ ಮನೆ ಅಲೆದೆವು. ಇಮಾಂ ಸಾಬರು ಮುಂದೆ, ನಾನು ಹಿಂದೆ, ಸಣ್ಣಕ್ಕ ಆಟೋದ ಹತ್ತಿರ. ಕೆಲವರು ಕೂಡಲೇ ಬದಲಾಯಿಸಿಕೊಂಡರು. ಕಾಯಿಲೆಯ ಪ್ರಾಣಿ ಕುರ್ಬಾನಿಗೆ ಬರುವುದಿಲ್ಲ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಒಂದು ಬೀದಿಯಲ್ಲಿ ಜನ ಸೇರಿಬಿಟ್ಟರು. ಒಬ್ಬ ಹಿರಿಯರು ಬಾಗಿಲಿಗೆ ಅಡ್ಡ ನಿಂತರು.

"ಟಗರು ಗಟ್ಟಿಮುಟ್ಟಾಗಿ ಮೇಯ್ತಾ ಇದೆ. ನಮ್ಮ ಹಬ್ಬದ ಮುಂದೇನೇ ನಿಮಗೆ ಕಾಯಿಲೆ ಕಾಣ್ತಾ? ಯಾರು ಕಳ್ಸಿದ್ದು ನಿಮ್ಮನ್ನ?"

ಹಿಂದಿನಿಂದ ಯಾರೋ ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಇಮಾಂ ಸಾಬರು, "ಚಾಚಾ, ನನ್ನ ಮಾತು ಕೇಳಿ" ಅಂದರೆ, "ನೀನೇ ಕೊಡ್ಸಿದ್ದು, ಈಗ ನೀನೇ ಬೇಡ ಅಂತೀಯಾ?" ಅಂತ ಅವರ ಮೇಲೇ ತಿರುಗಿದರು.  ಬ್ಯಾಗಿನಿಂದ ಪ್ಯಾಕೆಟ್ಟು ತೆಗೆದು ಹಿರಿಯರ ಕೈಗೆ ಕೊಟ್ಟೆ.

"ಯಾರೂ ಕಳಿಸಿಲ್ಲ. ಇದು ನನ್ನ ಅಕ್ಷರ. ಇದನ್ನ ಕುರಿಗೆ ಹಾಕಿ ಅಂತ ಹೇಳಿದ್ದು ನಾನು, ತಪ್ಪು ನನ್ನದು. ಮೊಬೈಲಲ್ಲಿ ಅದನ್ನೂ ತೆಗೆದುಕೊಳ್ಳಿ" ಅಂದೆ.

ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಅಷ್ಟರಲ್ಲಿ ಒಳಗಿಂದ ಅವರ ವಯಸ್ಸಾದ ಅಕ್ಕ ಬಂದು, ಯಾರನ್ನೂ ಕೇಳದೆ ಟಗರಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆಳೆದು ನೋಡಿದರು. "ಪೀಲಾ ಹೈ" ಅಂದರು. ಹಳದಿ. ಹಿರಿಯರು ಬಾಗಿಲಿಂದ ಸರಿದರು. ವಿಡಿಯೋ ಏನಾಯಿತೋ ಗೊತ್ತಿಲ್ಲ.

ಹಬ್ಬದ ಹಿಂದಿನ ಸಂಜೆಗೆ ಹತ್ತೊಂಬತ್ತು ಟಗರು ಸಿಕ್ಕಿದ್ದವು. ಇನ್ನೊಂದು ಸಿಗಲಿಲ್ಲ. ತೆಗೆದುಕೊಂಡವರು ಅದನ್ನು ಪಾವಗಡದ ನೆಂಟರಿಗೆ ಕೊಟ್ಟಿದ್ದರು. ಟೈಲರ್ ಬಾಷಾ ಅಂತ ಹೆಸರು, ಬೀದಿ ಗೊತ್ತು. ಫೋನ್ ಮಾಡಿ ಮಾಡಿ ಸಾಕಾಯಿತು, ಸ್ವಿಚ್ ಆಫ್. ಹಬ್ಬದ ಬೆಳಿಗ್ಗೆ ಇಮಾಂ ಸಾಬರು ಶಿರಾ ಬಿಟ್ಟು ಬರುವ ಹಾಗಿರಲಿಲ್ಲ. ನಾನೊಬ್ಬಳೇ ಬಸ್ಸಿನಲ್ಲಿ ಹೋಗುತ್ತೇನೆ ಅಂದೆ.

"ಬಸ್ಸಾಗೆ ಟಗರು ಹೆಂಗೆ ತಗಂಡೋಗ್ತೀರಾ?" ಅಂದರು ಸಣ್ಣಕ್ಕ. "ನಾವೂ ಬತ್ತೀವಿ. ನನ್ನ ತವರು ಆ ಕಡೇದೇ, ತೆಲುಗು ಬತ್ತದೆ."

ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಈರಣ್ಣ ಓಡಿಸುತ್ತಿದ್ದರು, ಪಕ್ಕದಲ್ಲಿ ನಾವಿಬ್ಬರು ಒತ್ತಿಕೊಂಡು, ಹಿಂದೆ ಗುಡ್ಡದ ಟಗರು. ಆ ದಾರಿ ಆಂಧ್ರದೊಳಕ್ಕೆ ಹೋಗಿ ಮತ್ತೆ ನಮ್ಮ ಕಡೆಗೆ ಬರುತ್ತದೆ. ಲೋಡಿದ್ದ ಆಟೋ ಏರು ಬಂದಲ್ಲೆಲ್ಲ ತೆವಳುತ್ತಿತ್ತು. ಒಂದು ಊರಿನಲ್ಲಿ ಹೊಸ ಬಟ್ಟೆ ಹಾಕಿದ ಜನ ಈದ್ಗಾದಿಂದ ವಾಪಸು ಬರುತ್ತಿದ್ದರು. ನಮಾಜು ಮುಗಿದಿತ್ತು, ಇನ್ನು ಕುರ್ಬಾನಿ ಶುರು. ಪಾವಗಡ ಇನ್ನೂ ದೂರವಿತ್ತು.

"ಒಸಿ ಜೋರಾಗಿ ಬುಡು" ಅಂದರು ಸಣ್ಣಕ್ಕ. "ಬುಟ್ಟಿದ್ದೀನಲ್ಲೇ!" ಅಂತ ಈರಣ್ಣ ರೇಗಿದರು.

ಬಾಷಾ ಅವರ ಬೀದಿ ಸಿಕ್ಕಾಗ ಮನೆಯ ಪಕ್ಕದ ಗೂಟದಲ್ಲಿ ಬರೀ ಹಗ್ಗವಿತ್ತು. ಹಿತ್ತಿಲಿನಲ್ಲಿ ಚರ್ಮ ಸುಲಿದು ತೂಗುಹಾಕಿದ್ದರು. ಹಳದಿಯನ್ನು ನಾನು ರಸ್ತೆಯಿಂದಲೇ ಕಂಡೆ. ಅಡುಗೆಮನೆಯಿಂದ ಈರುಳ್ಳಿ, ಮೆಣಸಿನ ಘಾಟು ಬರುತ್ತಿತ್ತು. ನಾನು ಗಂಡಸರಿಗೆ ವಿವರಿಸಲು ನಿಂತೆ. ಸಣ್ಣಕ್ಕ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟು ನೇರವಾಗಿ ಒಳಗೆ ನುಗ್ಗಿದರು.

"ಅಮ್ಮಾ, ಪೊಯ್ಯಿ ಮೀದನುಂಚಿ ದಿಂಪಂಡಿ! ತಿನೊದ್ದು!" ಒಲೆಯಿಂದ ಇಳಿಸಿ, ತಿನ್ನಬೇಡಿ ಎಂದು ಅವರು ಕೂಗುವುದು ಬೀದಿಗೆ ಕೇಳಿಸಿತು.

ನಾನು ಒಳಗೆ ಹೋದಾಗ ಬಾಷಾ ಅವರ ತಾಯಿ ಬಾಣಲೆ ಹಿಡಿದು ಬೆಪ್ಪಾಗಿ ನಿಂತಿದ್ದರು. ಚಾಪೆಯ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡ ಎಳೆಯ ಬಾಣಂತಿ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಆಕೆಯ ಮುಂದೆ ತಟ್ಟೆ, ತಟ್ಟೆಯಲ್ಲಿ ನಾಲ್ಕು ತುಂಡು ಕಲೇಜಿ. ರಕ್ತ ಆಗಲಿ ಅಂತ ಮೊದಲು ಅವಳಿಗೇ ಬಡಿಸಿದ್ದರು. ಸಣ್ಣಕ್ಕ ಅವಳ ಕೈಯನ್ನು ಹಿಡಿದುಕೊಂಡಿದ್ದರು. ಆ ಕೈಯಲ್ಲಿ ಒಂದು ತುಂಡಿತ್ತು.

"ತಿಂದ್ಯಾ?" ಅಂದೆ.

ಇಲ್ಲ ಅಂತ ತಲೆಯಾಡಿಸಿದಳು. ಬಿಸಿ ಆರಲಿ ಅಂತ ಕಾಯುತ್ತಿದ್ದಳಂತೆ.

ಒಂದು ತಟ್ಟೆ ತಿಂದರೆ ಪ್ರಾಣ ಹೋಗುತ್ತಿತ್ತು ಅಂತ ನಾನು ಹೇಳುವುದಿಲ್ಲ. ವಾಂತಿ, ಹೊಟ್ಟೆನೋವು ಆಗುತ್ತಿತ್ತೇನೋ, ಏನೂ ಆಗದೆಯೂ ಇರಬಹುದಿತ್ತು. ಹಸಿ ಬಾಣಂತಿಯ ಮೇಲೆ ಅದನ್ನು ಪರೀಕ್ಷೆ ಮಾಡುವ ಹಕ್ಕು ನನಗಿರಲಿಲ್ಲ.

ಬಾಷಾ ಬಾಗಿಲಲ್ಲಿ ನಿಂತಿದ್ದರು. ಹೊಸ ಬಿಳಿ ಅಂಗಿ, ತೋಳಿಗೆ ರಕ್ತ. ಎಲ್ಲ ಕೇಳಿ, ಗಟ್ಟಿ ಸ್ವರದಲ್ಲಿ ಅಂದರು, "ಸರಿ. ಇದಕ್ಕೆ ಹೊಣೆ ಯಾರು? ಒಬ್ಬರ ಹೆಸರು ಹೇಳಿ ನನಗೆ."

ನಾನು ಬಾಯಿ ತೆರೆದೆ. ಸಣ್ಣಕ್ಕ ಮೊದಲೇ ಹೇಳಿಬಿಟ್ಟರು.

"ಹೇಳ್ದೋರು ಇವ್ರು, ಹಾಕ್ದೋಳು ನಾನು. ಇಬ್ರೂ ಬಂದಿದ್ದೀವಿ."

ಬಾಷಾ ನಮ್ಮಿಬ್ಬರನ್ನೂ ನೋಡಿದರು. ಹೊರಗೆ ಹೋಗಿ ಆಟೋದಲ್ಲಿದ್ದ ಟಗರನ್ನು ತಾವೇ ಇಳಿಸಿಕೊಂಡರು. ನಮಗೆ ಕೂರಿ ಅನ್ನಲಿಲ್ಲ. ನಾವೂ ಕೂರಲಿಲ್ಲ. ಹಳದಿ ಮಾಂಸವನ್ನು ಊರಾಚೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿಸಿ ಹೊರಟೆವು.

ವಾಪಸು ಬರುವಾಗ ಅರ್ಧ ದಾರಿಗೆ ಸಣ್ಣಕ್ಕ ಕೇಳಿದರು, "ಅವತ್ತು ನಾನು ಕೇಳ್ದಾಗ ನಿಮಗೆ ಇದು ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ ಅಂದಿದ್ದರೆ ನಂಬುತ್ತಿದ್ದರು. "ಗೊತ್ತಿತ್ತು, ಯೋಚನೆ ಮಾಡ್ಲಿಲ್ಲ" ಅಂದೆ. ಅವರು ಕಿಟಕಿಯ ಕಡೆ ತಿರುಗಿ ಕೂತರು. 

ಲ್ಯಾಬಿನ ವರದಿ ಬಂತು, ತಾಮ್ರವೇ. ನನ್ನ ತಪ್ಪನ್ನು ನಾನೇ ಬರೆದು ಕೊಟ್ಟೆ. ಅದರಿಂದ ನನಗೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ, ದೊಡ್ಡ ವಿಷಯವಲ್ಲ. ಬದಲಾಯಿಸಿ ತಂದ ಹತ್ತೊಂಬತ್ತು, ದೊಡ್ಡಿಯಲ್ಲಿದ್ದ ಎಂಟು, ಒಟ್ಟು ಇಪ್ಪತ್ತೇಳು ಟಗರಿಗೆ ತಾಮ್ರ ಹೊರಹಾಕುವ ಲವಣಗಳನ್ನು ನೀರಿನಲ್ಲಿ ಕದಡಿ ಕುಡಿಸಬೇಕಿತ್ತು. ಐದಾರು ವಾರ, ಒಂದು ದಿನವೂ ಬಿಡದೆ ಹೋದೆ. ಸಣ್ಣಕ್ಕ ಒಂದೊಂದನ್ನೇ ಕಾಲ ಮಧ್ಯೆ ಹಿಡಿದು ಬಾಯಿ ಅಗಲಿಸುತ್ತಿದ್ದರು, ನಾನು ಹುಯ್ಯುತ್ತಿದ್ದೆ. ಕೆಲಸಕ್ಕೆ ಬೇಕಾದ ಮಾತು ಮಾತ್ರ. ಹನ್ನೊಂದು ಸತ್ತವು. ಒಂದೊಂದು ಸತ್ತ ದಿನವೂ ಈರಣ್ಣ ನಾನು ಬರುವ ಹೊತ್ತಿಗೆ ಮನೆಯಲ್ಲಿ ಇರುತ್ತಿರಲಿಲ್ಲ.

ಉಳಿದ ಹದಿನಾರು ಮೈ ತುಂಬಿಕೊಂಡವು. ಮಳೆಗಾಲ ಕಳೆದ ಮೇಲೆ ಒಂದು ದಿನ ಇಮಾಂ ಸಾಬರು ಬೇರೆ ಮನೆಯೊಂದರ ಮದುವೆಗೆ ಟಗರು ನೋಡಲು ದೊಡ್ಡಿಗೆ ಬಂದಿದ್ದರು. ಇನ್ನೊಂದು ಮನೆಯ ಹಸು ನೋಡಲು ಹೋಗಿದ್ದ ನನಗೆ ಸಣ್ಣಕ್ಕ ಹೇಳಿಕಳಿಸಿದರು. ಹೋದೆ. ಸಾಬರು ಒಂದೊಂದರ ಬೆನ್ನು ಒತ್ತಿ ನೋಡಿ, "ಮಾಲು ಚೆನ್ನಾಗೈತೆ, ಕಣ್ಣೂ ಬಿಳಿ ಐತೆ. ಕೊಡಿ ಸಣ್ಣಕ್ಕ, ಇವತ್ತೇ ಒಯ್ತೀನಿ" ಅನ್ನುತ್ತಿದ್ದರು.

ಸಣ್ಣಕ್ಕ ನನ್ನ ಮುಖ ನೋಡಿದರು.

ಕಣ್ಣು ಬಿಳಿಯಾದರೂ ಈಲಿಯಲ್ಲಿ ಎಷ್ಟು ಉಳಿದಿದೆ ಅಂತ ಹೊರಗಿನಿಂದ ಹೇಳುವುದು ಸಾಧ್ಯವಿರಲಿಲ್ಲ. ಕೊಡಿ ಅಂದರೆ ಅವರ ಕಷ್ಟ ಅವತ್ತಿಗೇ ಮುಗಿಯುತ್ತಿತ್ತು. ನಾನು ಕೂಡಲೇ ಉತ್ತರ ಕೊಡಲಿಲ್ಲ. ಕಲ್ಲಿನ ಮೇಲೆ ಕೂತು, ಬ್ಯಾಗಿನಲ್ಲಿದ್ದ ಪುಸ್ತಕ ತಿರುವಿ, ಕಾಲೇಜಿನ ಗೆಳತಿಯೊಬ್ಬಳಿಗೆ ಫೋನ್ ಮಾಡಿ ಕೇಳಿದೆ. ಅವರಿಬ್ಬರೂ ಕಾದರು.

"ಬೇಡ" ಅಂದೆ. "ಇನ್ನೂ ಆರು ತಿಂಗಳು ಗುಡ್ಡದಲ್ಲೇ ಮೇಯಲಿ."

ಸಾಬರು ಲೊಚಗುಟ್ಟಿದರು. ಸಣ್ಣಕ್ಕ ದೊಡ್ಡಿಯ ಗಳ ಸರಿಸಿ, ಹದಿನಾರನ್ನೂ ಹೊರಗೆ ಬಿಟ್ಟು, ಕೋಲು ತೆಗೆದುಕೊಂಡು ಅವುಗಳ ಹಿಂದೆ ಗುಡ್ಡದ ಕಡೆ ನಡೆದರು.